ಕಣ್ಣಿಲ್ಲದ ಹಕ್ಕಿಮನುಷ್ಯ

ಕಿನ್ನಾಳ,
ಶನಿವಾರ, ೧೮-೧-೨೦೨೫

ಚಿರಂಜೀವಿ ಹೇಮಾವತಿಗೆ,

ಕಿನ್ನಾಳದ ಚಿತ್ರಗಾರ ಓಣಿಯ ಹಿರಿಯಳು, ಗೊಂಬೆ ಮಾಡುವ ಹೆಣ್ಣುಮಕ್ಕಳ ಸಂಘದ ಅಧ್ಯಕ್ಷೆ, ಎಸ್ಸೆಸ್ಸೆಲ್ಸಿ ಪಾಸಾಗಿ ಈ ಓಣಿಗೆ ಬಂದ ಮೊದಲ ಸೊಸೆ, ನಿನ್ನ ಅವ್ವ ಸುಂಕಲಮ್ಮ ಬರೆಯುವ ಪತ್ರ. ಓದಿ ನಗು ಬಂದರೆ ನಗು. ನಾನು ಯಾರೆಂದು ಮೊದಲು ಹೇಳದೆ ಎಲ್ಲಿಯೂ ಮಾತು ಶುರು ಮಾಡಿದವಳಲ್ಲ. ಇವತ್ತು ಅದು ಬೇಕೂ ಹೌದು. ಇಷ್ಟು ಎತ್ತರದಲ್ಲಿ ಕೂತವಳು ಎಲ್ಲಿಗೆ ಇಳಿದಳು ಎಂಬುದು ನಿನಗೆ ತಿಳಿಯಬೇಕು.

ಫೋನು ಇದೆಯಲ್ಲ, ಪತ್ರ ಯಾಕೆ ಎಂದು ನಿಮ್ಮಪ್ಪ ಕೇಳಿದರು. ಫೋನಿನಲ್ಲಿ ನಾನು ಜೋರು ಮಾಡುತ್ತೇನೆ, ನೀನು ಕಟ್ ಮಾಡುತ್ತೀ. ಕಾಗದವನ್ನಾದರೆ ಸಿಟ್ಟು ಇಳಿದ ಮೇಲೆ ಮತ್ತೆ ಎತ್ತಿಕೊಳ್ಳಬಹುದು. ಅವರೇ ಇದನ್ನು ಹನುಮಸಾಗರಕ್ಕೆ, ನಿನ್ನ ಸೋದರತ್ತೆ ಪಂಪಮ್ಮನ ಮನೆಗೆ ತರುತ್ತಾರೆ. ಸೋಮವಾರದಿಂದ ನೀನು ಕುಷ್ಟಗಿಯ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತೀ ಎಂದು ಕೇಳಿದೆ. ಅದಕ್ಕೂ ಮೊದಲು ಇದು ನಿನ್ನ ಕೈ ಸೇರಲಿ. ಓದಿದ ಮೇಲೂ ಅಂಗಡಿಗೇ ಹೋಗುವುದಾದರೆ ಹೋಗು, ತಡೆಯುವುದಿಲ್ಲ. ಆದರೆ ನಿನ್ನ ಕೈಗೆ ಹದ ಇಲ್ಲವೆಂದು ನಂಬಿಕೊಂಡು ಹೋಗಬೇಡ.

ಎಲ್ಲ ಶುರುವಾದದ್ದು ಕುರಿಯಿಂದ. ಹುಬ್ಬಳ್ಳಿಯ ವಿಜ್ಞಾನದ ಸಂಸ್ಥೆಯವರು ಮನುಷ್ಯ ಹಾರುವುದನ್ನು ಕಲಿತ ಕಥೆಯನ್ನು ಗೊಂಬೆಗಳಲ್ಲಿ ಮಾಡಿಕೊಡಿ, ಸರ್ಕಾರಿ ಶಾಲೆಗಳಿಗೆ ಗಾಡಿಯಲ್ಲಿ ಒಯ್ದು ತೋರಿಸುತ್ತೇವೆ ಎಂದು ನಿನ್ನನ್ನು ಹುಡುಕಿಕೊಂಡು ಬಂದರು. ನನ್ನನ್ನಲ್ಲ, ನಿನ್ನನ್ನು. ಆ ಸಂಸ್ಥೆಯ ಅಂಜಲಿ ಮೇಡಂ ನಮ್ಮ ಪಡಸಾಲೆಯಲ್ಲಿ ಕೂತು ನಾನು ಕೊಟ್ಟ ಚಹಾ ಕುಡಿದರು, ನಿನ್ನ ಜೊತೆ ಮಾತಾಡಿದರು. ಮೂರು ತಲೆಮಾರು ಗರುಡನನ್ನು ಮಾಡಿದ ಮನೆ ಇದು. ಈ ಮನೆಯ ಗರುಡನಿಗೆ ಕಣ್ಣು ತೆರೆಯುವ ಕುಂಚ ನನ್ನ ಅತ್ತೆಯ ಕೈಯಿಂದ ನನ್ನ ಕೈಗೆ ಬಂದದ್ದು. ಹಾರುವುದರ ಬಗ್ಗೆ ಕೇಳಬೇಕಾದರೆ ನನ್ನನ್ನಲ್ಲವೇ ಕೇಳಬೇಕು?

ಅವರು ಹೋದ ಮೇಲೆ ನೀನು ಬಂದು ಹೇಳಿದೆ, "ಅವ್ವಾ, ನೀ ಒಂದ ಕುರಿ, ಒಂದ ಬಾತುಕೋಳಿ, ಒಂದ ಹುಂಜ ಮಾಡಿಕೊಡ." ಫ್ರಾನ್ಸ್ ದೇಶದಲ್ಲಿ ಹೊಗೆ ತುಂಬಿದ ಬಲೂನಿಗೆ ಬುಟ್ಟಿ ಕಟ್ಟಿ, ಮನುಷ್ಯರಿಗಿಂತ ಮೊದಲು ಈ ಮೂರನ್ನು ಮೇಲಕ್ಕೆ ಕಳಿಸಿದ್ದರಂತೆ. ನಿಮ್ಮಪ್ಪ ಉಳಿ ಕೆಳಗಿಟ್ಟು ಕೇಳಿದರು, "ಕುರಿ ವಾಪಸ್ ಬಂದು ಏನ ಹೇಳಿತಂತ?" ನೀನಂದೆ, "ಏನೂ ಹೇಳಲಿಲ್ಲಪ್ಪಾ. ಬುಟ್ಟಿಯೊಳಗ ಹುಂಜದ ರೆಕ್ಕಿಗೆ ಒದ್ದಿತ್ತಂತ." ಇಬ್ಬರೂ ನಕ್ಕಿರಿ. ನಾನು ನಗಲಿಲ್ಲ. ಗರುಡನಿಗೆ ಕಣ್ಣು ಕೊಡುವವಳಿಗೆ ಕುರಿ ಮಾಡು ಎಂದೆಯಲ್ಲ!

ಮೂರನ್ನೂ ಮಾಡಿಕೊಟ್ಟೆ, ಚೆನ್ನಾಗಿಯೇ ಮಾಡಿದೆ. ಆದರೆ ಸಂಘದ ಸಭೆಯಲ್ಲಿ ಎಲ್ಲರೆದುರು ಹೇಳಿಬಿಟ್ಟೆ, ಹೇಮಾನ ಹಾರುವ ಸಾಮಾನಿಗೆ ನನ್ನ ಕೈ ಮುಟ್ಟಿದರೆ ಕೇಳಿ ಎಂದು. ನಾನು ಹೇಳಿದ ಮಾತು ತಪ್ಪುವವಳಲ್ಲ ಎಂದು ಊರಿಗೇ ಗೊತ್ತು. ಆಮೇಲೆ ನಡೆದದ್ದಕ್ಕೆಲ್ಲ ಆ ಮಾತೇ ನನಗೆ ಮರೆಯಾಗಿ ನಿಂತಿತು.

ಆ ತಿಂಗಳು ನಮ್ಮ ಪಡಸಾಲೆ ತುಂಬಿದ್ದದ್ದು ನೆನಪಾಗುತ್ತದೆ. ನೀನು ಗೊಂಬೆ ಮಾಡುವ ಹಗುರ ಪೊಳಕಿ ಕಟ್ಟಿಗೆಯನ್ನು ಕಡ್ಡಿಯ ಹಾಗೆ ಸವರಿ ಹಂದರ ಕಟ್ಟುತ್ತಿದ್ದೆ. ಹಿಂದಿನ ಓಣಿಯ ಹಜರತಬೀಯ ಮಗಳು ಶಮೀನಾ ತನ್ನ ಹೊಲಿಗೆ ಯಂತ್ರವನ್ನು ಇಲ್ಲಿಗೇ ಹೊರಿಸಿಕೊಂಡು ಬಂದು ರೆಕ್ಕೆಯ ಬಟ್ಟೆ ಹೊಲಿಯುತ್ತಿದ್ದಳು. ನೀನು ಅವಳಿಗೆ ಓದಿ ಹೇಳುತ್ತಿದ್ದದ್ದನ್ನು ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಕೇಳುತ್ತಿಲ್ಲ ಎಂದು ತೋರಿಸಲು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದೆ. ಇಂಗ್ಲೆಂಡಿನ ಜಮೀನುದಾರನೊಬ್ಬ ತನ್ನ ಗಾಡಿ ಹೊಡೆಯುವವನನ್ನು ರೆಕ್ಕೆಯ ಗಾಡಿಯಲ್ಲಿ ಕೂರಿಸಿ ಕಣಿವೆಯ ಮೇಲೆ ತೇಲಿಬಿಟ್ಟನಂತೆ. ಅವನು ಕೆಳಗಿಳಿದವನೇ ನೌಕರಿ ಬಿಟ್ಟು ಹೋದನೆಂದು ಜನ ಹೇಳುತ್ತಾರಂತೆ. "ಪಗಾರ ಗಾಡಿ ಹೊಡಿಯಾಕ, ಹಾರಾಕಲ್ಲ ಅಂದಿರಬೇಕು ಪಾಪ," ಎಂದಳು ಶಮೀನಾ. ಅಮೆರಿಕದ ರೈಟ್ ಅಣ್ಣತಮ್ಮಂದಿರು ಅಂಗಡಿಯಲ್ಲಿ ಸಿಗುವ ತೆಳು ಹತ್ತಿ ಬಟ್ಟೆಯನ್ನೇ ಹೊಲಿದು ರೆಕ್ಕೆಗೆ ಕಟ್ಟಿದರು, ಅದಕ್ಕೆ ಬಣ್ಣ, ಮೆರುಗು ಏನೂ ಬಳಿಯಲಿಲ್ಲ ಎಂದು ನೀನು ಹೇಳಿದಾಗ ಅವಳು ಯಂತ್ರ ನಿಲ್ಲಿಸಿ ಕೇಳಿದಳು, "ಹೊಲಿಗಿ ಮಷೀನಿನ ಮ್ಯಾಲ ಹೊಲಿದ್ರಾ? ಹಂಗಾದ್ರ ಅವರೂ ನಮ್ಮವರೇ ಬಿಡ. ದರ್ಜಿಗಳು."

ಏನೂ ಬಳಿಯಲಿಲ್ಲ ಎಂಬ ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ಹೇಳಲಾರೆ.

ಜರ್ಮನಿಯ ಲಿಲಿಯೆಂತಾಲ್ ಎಂಬವನ ಗೊಂಬೆಯೇ ನಿನ್ನ ಮುಖ್ಯ ಕೆಲಸವಾಗಿತ್ತು. ಬಾವಲಿಯ ಹಾಗೆ ಅಗಲ ರೆಕ್ಕೆ, ನಡುವೆ ಜೋತುಬಿದ್ದ ಮನುಷ್ಯ. ಹಕ್ಕಿಮನುಷ್ಯ ಎಂದು ಅದನ್ನು ಕರೆಯುತ್ತಿದ್ದೆ ನೀನು. ಅವನು ತಾನೇ ಮಣ್ಣು ಹಾಕಿಸಿ ಗುಡ್ಡ ಮಾಡಿಕೊಂಡು ಅದರ ಮೇಲಿಂದ ಹಾರುತ್ತಿದ್ದನಂತೆ. ಉಳಿದ ಗೊಂಬೆಗಳು ನೋಡಲಷ್ಟೇ ಇದ್ದರೆ ಸಾಕು, ಇದೊಂದು ಮಕ್ಕಳು ಎಸೆದರೆ ತೇಲಬೇಕು, ತೇಲಿದರೆ ಮಾತ್ರ ಇಡೀ ಸೆಟ್ಟಿನ ಕೆಲಸ ನಿನಗೆ ಎಂದು ಅಂಜಲಿ ಮೇಡಂ ಹೇಳಿದ್ದರು. ಭಾರವಾಗದಿರಲಿ ಎಂದೇ ನೀನು ಆ ಮನುಷ್ಯನಿಗೆ ಕಿಟ್ಟದ ಲೇಪ ಮೆತ್ತಲಿಲ್ಲ, ಬಣ್ಣ ಕೊಡಲಿಲ್ಲ, ಕಣ್ಣೂ ಬರೆಯಲಿಲ್ಲ. ಬರೀ ಕಟ್ಟಿಗೆಯ ಮುಖ. ಅದನ್ನು ಕಂಡು ನಾನು ಕೂಗಾಡಿದೆ.

"ಕಣ್ಣಿಲ್ಲದ ಮನಶ್ಯಾನ್ನ ಆಕಾಶಕ್ಕ ಬಿಡ್ತೀಯೇನ? ಈ ಮನಿಯಿಂದ ಕಣ್ಣು ತೆರೀದ ಗೊಂಬಿ ಹೊಸ್ತಿಲಾ ದಾಟಿಲ್ಲ," ಎಂದೆ.

"ಕಣ್ಣು ಕೊಡಾಕ ನಿನ್ನ ಕೈ ಬೇಕಲ್ಲ ಅವ್ವಾ. ಮುಟ್ಟೂದಿಲ್ಲಂತ ಸಭಾದಾಗ ನೀನ ಹೇಳಿದಿ," ಎಂದೆ ನೀನು. ಶಮೀನಾ ತಲೆ ತಗ್ಗಿಸಿ ನಕ್ಕಳು. ಅವಳು ನಕ್ಕದ್ದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಅಂಜಲಿ ಮೇಡಂ ಮೈದಾನದಲ್ಲಿ ಅದನ್ನು ಹಾರಿಸಿ ನೋಡುವ ಪರೀಕ್ಷೆಯ ಹಿಂದಿನ ದಿನ ಶಮೀನಾ ಕೊನೆಯ ಹೊಲಿಗೆ ಹಾಕಿ ಹೋದಳು. ನೀನು ಕಾಗದದ ರೆಕ್ಕೆ ಕಟ್ಟಿ ಎಷ್ಟೋ ಸಲ ಎಸೆದು ನೋಡಿದ್ದೆ, ಬಟ್ಟೆಯ ರೆಕ್ಕೆ ಮೊದಲ ಸಲ ಮೈದಾನದಲ್ಲೇ ಹಾರಲಿ ಎಂದು ಹಾಗೆಯೇ ಎತ್ತಿಟ್ಟು ಪೆಟ್ಟಿಗೆ ತರಲು ಕೊಪ್ಪಳಕ್ಕೆ ಹೋದೆ. ನಿಮ್ಮಪ್ಪ ಮರ ನೋಡಲು ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ ಇದ್ದೆ.

ಈಗ ಬರೆಯುತ್ತೇನೆ, ಓದು. ನಾನು ಹುಣಸೆ ಬೀಜದ ಅಂಟನ್ನು ತೆಳ್ಳಗೆ ಕಾಸಿ, ಸೋಸಿ, ಆ ರೆಕ್ಕೆಗಳಿಗೆ ಬಳಿದೆ. ಕೆಳಗಿನ ಮಗ್ಗುಲಿಗೆ ಬಳಿದೆ. ಒಣಗಿದ ಮೇಲೆ ಮತ್ತೆ ಬಳಿದೆ. ನಮ್ಮ ಅಂಟು ಒಣಗಿದರೆ ಕಣ್ಣಿಗೆ ಕಾಣುವುದಿಲ್ಲ, ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ ಅಷ್ಟೆ. ಬರಿ ಬಟ್ಟೆ, ಬರಿ ಕಟ್ಟಿಗೆ ನಮ್ಮ ಮನೆಯ ಹೆಸರಿನಲ್ಲಿ ಹೊರಗೆ ಹೋಗುವುದನ್ನು ನೋಡಲಾರದೆ, ಸ್ವಲ್ಪ ಹದ ಬರಲಿ ಎಂದು ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣು ಬರೆಯಲು ಕುಂಚವನ್ನೂ ಎತ್ತಿಕೊಂಡಿದ್ದೆ. ಬರೆದರೆ ನಿನಗೆ ತಿಳಿಯುತ್ತದೆ ಎಂದು ಕೆಳಗಿಟ್ಟೆ. ಮಾಡುತ್ತಿರುವುದು ಕಳ್ಳತನ ಎಂದು ನನಗೆ ಆಗಲೇ ಗೊತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಳಿಗ್ಗೆ ನೀನು ಅದನ್ನು ಪೆಟ್ಟಿಗೆಯಲ್ಲಿಡುವಾಗ ರೆಕ್ಕೆಯನ್ನು ಬೆರಳಿನಿಂದ ಬಡಿದು, "ಶಮೀನಾ ಛಲೋ ಬಿಗದಾಳ ನೋಡವ್ವಾ," ಎಂದೆ. ನಾನು ಬುತ್ತಿ ಕಟ್ಟುತ್ತಿದ್ದೆ. ಹೂಂ ಎಂದೆ.

ಮೈದಾನದಲ್ಲಿ ಆದದ್ದನ್ನು ನಿನ್ನ ಬಾಯಿಂದಲೇ ಕೇಳಿದೆ. ಯಾಕೆಂದು ನಿನಗೆ ಗೊತ್ತಿರಲಿಲ್ಲ, ಒಣಗಿದ ಅಂಟು ಬಟ್ಟೆಯನ್ನು ಎಳೆದು ಬಲಗಡೆಯ ರೆಕ್ಕೆ ತಿರುಚಿತ್ತು. ನೀನು ಕೈ ಬಿಟ್ಟ ಕೂಡಲೇ ಹಕ್ಕಿಮನುಷ್ಯ ಮಗ್ಗುಲಾಗಿ ನೆಲಕ್ಕೆ ಬಡಿದ. ಮತ್ತೆ ಎಸೆದೆ, ಮತ್ತೆ ಹಾಗೇ ಆಯಿತು. ಅಂಜಲಿ ಮೇಡಂ ನೋಡೋಣ ಎಂದಷ್ಟೇ ಹೇಳಿ ಹೋದರು.

ನೀನು ಅಂಗಳಕ್ಕೆ ಬಂದವಳೇ ಶಮೀನಾಳನ್ನು ಕರೆಸಿದೆ. ಸಂಘದ ಹೆಂಗಸರೂ ಕೆಲವರು ಇದ್ದರು. "ಹೊಸ ಬಟ್ಟಿ ಗಂಜಿ ತೆಗೀದ ಹೊಲಿದಿ. ಮುಟ್ಟಿ ನೋಡ, ಹಪ್ಪಳ ಆಗೇತಿ. ತೊಳದೀನಿ ಅಂತ ಸುಳ್ಳ ಯಾಕ ಹೇಳಿದಿ?" ಎಂದು ನೀನು ಕೇಳಿದೆ. ತೊಳೆದಿದ್ದೆ ಎಂದಳು ಅವಳು. ನೀನು ನಂಬಲಿಲ್ಲ. ಹೇಗೆ ನಂಬುತ್ತೀ? ಬಟ್ಟೆ ನಿಜವಾಗಿಯೂ ಹಪ್ಪಳದ ಹಾಗಿತ್ತು, ನಿನ್ನ ಅವ್ವ ಮುಟ್ಟುವುದಿಲ್ಲ ಎಂದವಳು.

ಶಮೀನಾ ಮುರಿದ ರೆಕ್ಕೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಕಂಬಕ್ಕೆ ಒರಗಿ ನಿಂತಿದ್ದ ನನ್ನನ್ನು ನೋಡಿದಳು. ಒಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಆಡಿದೆ. "ಬಟ್ಟಿ ಕೆಲಸಾನ ಬಟ್ಟಿ ತಿಳಿದವರ ಕೈಗೆ ಕೊಡಬೇಕಿತ್ತು," ಎಂದೆ. ಆ ಮಾತಿನ ಮೇಲೆ ಅವಳು ಯಂತ್ರವನ್ನೂ ಬಿಟ್ಟು ಬರಿಗೈಯಲ್ಲಿ ಹೊರಟುಹೋದಳು.

ಮರುದಿನ ನೀನು ಪಂಪಮ್ಮನ ಮನೆಗೆ ಹೋದೆ. ನನ್ನ ಕೈಗೆ ಹದ ಇಲ್ಲ, ನನ್ನ ಕಣ್ಣಿಗೆ ಜನರ ಗುರುತೂ ಇಲ್ಲ, ಇನ್ನು ಉಳಿ ಹಿಡಿಯುವುದಿಲ್ಲ ಎಂದು ಹೇಳಿ ಹೋದೆ. ನಾಲ್ಕು ದಿನದಲ್ಲಿ ಬರುತ್ತಾಳೆ ಎಂದುಕೊಂಡೆ. ನೀನು ಬರಲಿಲ್ಲ. ಶಮೀನಾಳ ಯಂತ್ರ ಪಡಸಾಲೆಯಲ್ಲೇ ಕೂತಿತ್ತು. ನಾನು ಅದರ ಮೇಲೆ ಬಟ್ಟೆ ಹೊದಿಸಿದೆ. ನಿಮ್ಮಪ್ಪ ಬಟ್ಟೆ ತೆಗೆದಿಟ್ಟರು. ನಾನು ಮತ್ತೆ ಹೊದಿಸಿದೆ.

ಹೋದ ವಾರ ಪಂಪಮ್ಮ ಫೋನು ಮಾಡಿ, "ವೈನೀ, ಹೇಮಾ ತನ್ನ ಉಳಿ ಎಲ್ಲಾ ಇಲ್ಲಿ ಬಡಿಗ್ಯಾರ ಮನಿಗೆ ಕೊಟ್ಟ ಬಂದಾಳ. ಹಂಗ ಕೊಡಬಹುದೇನು?" ಎಂದಳು. ಆ ಉಳಿಗಳಲ್ಲಿ ನಿನ್ನ ಅಜ್ಜನದೂ ಒಂದಿತ್ತು. ನಾನು ಫೋನು ಇಟ್ಟೆ. ಅಂದು ಗರುಡನೊಂದಕ್ಕೆ ಕಣ್ಣು ತೆರೆಯಬೇಕಿತ್ತು. ಕುಂಚ ಹಿಡಿದೆ. ಕೈ ಏಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಓಣಿಗೆ ಹೋದೆ.

ಹಜರತಬೀ ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. "ಬರ್ರಿ ಸುಂಕಲಕ್ಕ. ದಾರಿ ತಪ್ಪಿ ಬಂದೀರೇನು?" ಎಂದಳು, ಮೊರದಿಂದ ಕಣ್ಣು ಎತ್ತದೆ. ನಾನು ಕಟ್ಟೆಯ ಮೇಲೆ ಕೂತೆ. ಶಮೀನಾ ಒಳಗೆ ಕೈಯಲ್ಲಿ ಗುಂಡಿ ಹಚ್ಚುತ್ತಿದ್ದಳು. ಯಂತ್ರವಿಲ್ಲದೆ ಅವಳಿಗೆ ಉಳಿದಿದ್ದ ಕೆಲಸ ಅದೇ.

"ರೆಕ್ಕಿಗೆ ಅಂಟ ಬಳದಾಕಿ ನಾನು," ಎಂದೆ.

"ಗೊತ್ತೈತ್ರಿ ಅವ್ವಾರ. ಹುಣಸಿ ಬೀಜದ ವಾಸನಿ ಅವತ್ತ ಬಂದಿತ್ತು," ಎಂದಳು ಶಮೀನಾ.

"ಗೊತ್ತಿದ್ದ ಮ್ಯಾಲ ಯಾಕ ಹೇಳಲಿಲ್ಲ?"

ಶಮೀನಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನಾ ಹೇಳಿದ್ರ ಯಾರ ನಂಬತಿದ್ರು? ಸುಂಕಲವ್ವಾರ ಮಾತು ತಪ್ಯಾರ ಅಂತ ನಾ ಹೇಳಬೇಕೇನ್ರಿ, ನಿಮ್ಮ ಸಂಘದ ಮಂದಿ ಮುಂದ? ನೀವ ಹೇಳತೀರಿ ಅಂತ ಕಂಬದ ಕಡೆ ನೋಡಿದೆ. ನೀವು ಹೇಳಿದ್ದು ಬ್ಯಾರೆ. ಆಮ್ಯಾಲೂ ದಿನಾ ಈ ಬಾಗಲಾ ನೋಡೀನಿ. ಇವತ್ತ ಬಂದೀರಿ."

ಹಜರತಬೀ ಮೊರ ಕೊಡವಿದಳು. "ಹೇಮಾ ಹ್ವಾದಳು, ಇವಳ ಹೆಸರೂ ಹೋತು. ಊರಾಗ ಬ್ಲೌಸ್ ಹೊಲಿಯಾಕ ಕೊಡೋರು ಸೈತ ಗಂಜಿ ತೆಗದೀಯೇನವಾ ಅಂತ ಕೇಳತಾರ," ಎಂದಳು.

ಅಂಟಿನಿಂದ ಭಾರವಾಗುತ್ತದೆ, ತಿರುಚುತ್ತದೆ ಎಂದು ನನಗೆ ಹೊಳೆಯಲಿಲ್ಲ, ಹದ ಬರಲಿ ಎಂದು ಬಳಿದೆ ಎಂದು ಹೇಳಿದೆ. ಹೊಸ ರೆಕ್ಕೆ ಹೊಲಿದುಕೊಡು, ಅಂಜಲಿ ಮೇಡಂಗೆ ನಾನೇ ಮಾತಾಡುತ್ತೇನೆ ಎಂದು ಕೇಳಿದೆ. ನಾನು ಕೇಳಿಕೊಂಡದ್ದನ್ನು ನೀನು ಎಂದೂ ನೋಡಿಲ್ಲ, ಅಲ್ಲಿಯೂ ಇರಲಿಲ್ಲ.

ಶಮೀನಾ ಹೇಳಿದಳು, "ಹೊಲಿತೀನ್ರಿ. ಆದ್ರ ಈಗ ನನ್ನ ಮುಂದ ಹೇಳಿದ್ದನ್ನ ನಿಮ್ಮ ಸಂಘದಾಗ ಹೇಳ್ರಿ. ಮುಟ್ಟೂದಿಲ್ಲ ಅಂದಿದ್ದು ಅಲ್ಲೇ ಅಲ್ಲೇನ್ರಿ."

ಮರುದಿನವೇ ಸಭೆ ಕರೆದೆ. ಎಂದಿನಂತೆ ಕುರ್ಚಿಯ ಮೇಲೆ ಕೂತೆ, ಆಮೇಲೆ ಎದ್ದು ನಿಂತು ಹೇಳಿದೆ. ಶಮೀನಾ ಬಟ್ಟೆ ತೊಳೆದೇ ಹೊಲಿದಿದ್ದಳು, ಅಂಟು ಬಳಿದವಳು ನಾನು, ಸುಳ್ಳು ಹೇಳಿದವಳೂ ನಾನು ಎಂದೆ. ಹಿಂದೆ ಕೂತ ಒಬ್ಬಳು ಕೆಮ್ಮಿದಳು. ಇಷ್ಟು ವರ್ಷ ನಾನು ಕೆಮ್ಮಿದರೆ ಅವರು ಸುಮ್ಮನಾಗುತ್ತಿದ್ದರು. ಮನೆಗೆ ಬರುವಾಗ ನಿಮ್ಮಪ್ಪ ಅಂದರು, "ಹುಂಜದ ರೆಕ್ಕಿಗೆ ಒದ್ದದ್ದು ನೀ ಮಾಡಿದ ಕುರೀನ ಅಂತ ಈಗ ತಿಳೀತು." ನಾನು ಜಗಳಕ್ಕೆ ಹೋಗಲಿಲ್ಲ.

ಅಂಜಲಿ ಮೇಡಂಗೆ ಫೋನಿನಲ್ಲಿ ಎಲ್ಲ ಹೇಳಿದೆ. ಶನಿವಾರ ಹುಬ್ಬಳ್ಳಿಗೆ ತನ್ನಿ, ಇನ್ನೊಮ್ಮೆ ನೋಡುತ್ತೇವೆ ಎಂದರು. ನೀನು ಬಿಟ್ಟುಹೋದ ಹಂದರವನ್ನು ನಿಮ್ಮಪ್ಪ ನೆಟ್ಟಗೆ ಮಾಡಿದರು. ಶಮೀನಾ ಹಳೆಯ ಬಟ್ಟೆ ಬಿಚ್ಚಿ, ಹೊಸದನ್ನು ನನ್ನ ಎದುರಿನಲ್ಲೇ ಬಾವಿಯ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಒಣಗಿಸಿ, ತನ್ನ ಯಂತ್ರದ ಮೇಲೆ ಹೊಲಿದು ಕಟ್ಟಿದಳು. "ಒಮ್ಮೆ ಎಸದ ನೋಡೂನೇನ್ರಿ?" ಎಂದಳು. ಬೇಡ, ಅದು ಹಾರುತ್ತದೆ ಎಂದೆ. "ನಿಮಗ ಹೆಂಗ ಗೊತ್ತು?" ಎಂದಳು. ನಾನು ಉತ್ತರ ಕೊಡದೆ ಒಳಗೆ ಹೋದೆ.

ಆ ಲಿಲಿಯೆಂತಾಲ್ ಕೊನೆಗೆ ಬಿದ್ದೇ ಸತ್ತನಂತೆ. ಅವನು ಬರೆದಿಟ್ಟದ್ದನ್ನು ರೈಟ್ ಅಣ್ಣತಮ್ಮಂದಿರು ಓದಿಕೊಂಡು ಮುಂದೆ ಹೋದರು ಎಂದು ನೀನೇ ಶಮೀನಾಳಿಗೆ ಹೇಳುತ್ತಿದ್ದೆ. ಅವನನ್ನು ಕೆಡವಿದ್ದು ಗಾಳಿ. ನಿನ್ನದನ್ನು ಕೆಡವಿದ್ದು ಗಾಳಿಯೂ ಅಲ್ಲ, ನಿನ್ನ ಕೈಯೂ ಅಲ್ಲ. ಸೀರೆ ಅಂಗಡಿಗೆ ಹೋಗುವ ಮೊದಲು ಇದಿಷ್ಟು ನಿನಗೆ ತಿಳಿದಿರಲಿ.

ಬಡಿಗೇರ ಮನೆಯಿಂದ ಉಳಿಗಳನ್ನು ಕೇಳಿ ತರಲು ನಿಮ್ಮಪ್ಪನಿಗೆ ಹೇಳಿದ್ದೇನೆ. ಅವು ಅವರ ಚೀಲದಲ್ಲಿ ಇರುತ್ತವೆ. ತೆಗೆದುಕೊಳ್ಳುವುದು ಬಿಡುವುದು ನಿನ್ನದು. ಶಮೀನಾಳ ಹತ್ತಿರ ಏನು ಮಾತಾಡಬೇಕು ಎಂದು ನಾನು ಹೇಳಿಕೊಡುವುದಿಲ್ಲ. ಅವಳೂ ಹಟದವಳೇ, ಸುಲಭಕ್ಕೆ ಬಗ್ಗುವುದಿಲ್ಲ.

ಇವತ್ತು ಬೆಳಿಗ್ಗೆ ಶಮೀನಾ ಪೆಟ್ಟಿಗೆ ಎತ್ತಿಕೊಳ್ಳಲು ಬಂದಳು. ಕುಂಚ, ಕಪ್ಪು ಬಣ್ಣ ಕಲಸಿದ ಚಿಪ್ಪು ಎರಡೂ ನನ್ನ ಮುಂದಿದ್ದವು. ಅವಳು ಅವನ್ನು ನೋಡಿ, "ಬರೀತೀರೇನ್ರಿ?" ಎಂದು ಕೇಳಿದಳು. ಹುಬ್ಬಳ್ಳಿ ಬಸ್ಸಿಗೆ ಹೊತ್ತಾಗಿತ್ತು. ನಾನು ಚಿಪ್ಪಿಗೆ ನೀರು ಹಾಕಿ ತೊಳೆದೆ, ಕುಂಚವನ್ನು ಗೋಡೆಯ ನಿನ್ನ ಗೂಡಿನಲ್ಲಿಟ್ಟೆ. ಹಕ್ಕಿಮನುಷ್ಯನನ್ನು ನಾನೇ ಪೆಟ್ಟಿಗೆಯಲ್ಲಿ ಮಲಗಿಸಿ, ಮೇಲೆ ನಿನ್ನ ಹೆಸರು ಬರೆದು, ಬರಿ ಬಟ್ಟೆ, ಬರಿ ಕಟ್ಟಿಗೆ, ಕಣ್ಣಿಲ್ಲದ ಮುಖ ಇದ್ದಂತೆಯೇ ಹೊಸ್ತಿಲು ದಾಟಿಸಿ ಅವಳ ಕೈಗೆ ಕೊಟ್ಟೆ. ಅದು ಹೋಯಿತು.

ಇಂತಿ,
ನಿನ್ನ ಅವ್ವ
ಸುಂಕಲಮ್ಮ ಹೊಳಿಯಪ್ಪ ಚಿತ್ರಗಾರ

ತಾ.ಕ.: ಶಮೀನಾಳ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಎಂದು ಬರೆದೆನಲ್ಲ, ಅದನ್ನು ನಿನಗೊಬ್ಬಳಿಗೇ ಹೇಳುತ್ತೇನೆ. ಸಂಘದಲ್ಲಿಯೂ ಇದನ್ನು ಹೇಳಿಲ್ಲ. ನೀನು ಪೆಟ್ಟಿಗೆ ತರಲು ಹೋದ ದಿನ ನಾನು ಹಿತ್ತಲ ಮೆಟ್ಟಿಲ ಮೇಲೆ ನಿಂತು ನಿನ್ನ ಹಕ್ಕಿಮನುಷ್ಯನನ್ನು ಒಮ್ಮೆ ಎಸೆದೆ. ಬೀಳಲಿ ಎಂದೇ ಎಸೆದೆ. ಅದು ಬೀಳಲಿಲ್ಲ. ಒಣಗಲು ಹಾಕಿದ ಬಟ್ಟೆಗಳ ಮೇಲಿಂದ ಹೋಗಿ, ನುಗ್ಗೆ ಗಿಡದ ಹತ್ತಿರ ಮೆಲ್ಲಗೆ ಬಾಗಿ, ದಾರಿ ನೋಡಿಕೊಂಡು ಹೋದವರ ಹಾಗೆ ಗೋಡೆಯ ಬುಡದಲ್ಲಿ ಇಳಿಯಿತು. ನಾನು ಕಣ್ಣು ಕೊಡದ ಗೊಂಬೆ ಅದು. ಅಂಟಿನ ಗಡಿಗೆಯನ್ನು ಒಲೆಯ ಮೇಲೆ ಇಟ್ಟದ್ದು ಅದಾದ ಮೇಲೆ.